ದಾಕಿನ ಭಯವೂ ಸಿಡುಬಿನ ಭಯವೂ

೧

ರೋಗವು ಬರುವುದಕ್ಕೆ ಮೊದಲೇ ಅದನ್ನು ತಡೆಯುವ ಉದ್ದೇಶದಿಂದ, ಆರೋಗ್ಯವಾಗಿರುವ ಮನುಷ್ಯನ ಶರೀರದೊಳಕ್ಕೆ ಆ ರೋಗದ ಅಂಶವನ್ನೋ ಅದಕ್ಕೆ ಸದೃಶವಾದ ಬೇರೊಂದು ವಸ್ತುವನ್ನೋ ಸೇರಿಸುವ ಪದ್ಧತಿಯು ವೈದ್ಯದ ಇತರ ಕ್ರಮಗಳಿಂದ ಒಂದು ಮುಖ್ಯವಾದ ವಿಷಯದಲ್ಲಿ ಭಿನ್ನವಾಗಿದೆ. ರೋಗಿಯು ಔಷಧವನ್ನು ಸೇವಿಸುವ ಕಾಲಕ್ಕೆ ಕಷ್ಟವು ಆಗಲೇ ಬಂದಿರುತ್ತದೆ. ಔಷಧವು ಫಲಿಸದೆ ಹೋದರೂ ಜನರು ಅದನ್ನು ರೋಗದ ಪ್ರಾಬಲ್ಯವೆಂದು ಭಾವಿಸಿ ಸಮಾಧಾನಪಡುತ್ತಾರೆ. ದಾಕು ಹಾಕಿಸಿಕೊಳ್ಳುವವನಾದರೋ ಸುಖವಾಗಿರುವವನು. ಅವನಿಗೆ ಅದರಿಂದ ಹಾನಿಯುಂಟಾದರೆ, ಅದು ಎಷ್ಟೇ ಅಪೂರ್ವವಾಗಿರಲಿ, ಮನುಷ್ಯನ ಕೈಯಿಂದಲೇ ಬಂದ ಹಾನಿಯೆಂದು ಎಲ್ಲರಿಗೂ ಕಾಣುತ್ತದೆ. ತಪ್ಪಿಹೋದ ರೋಗವು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿರುವುದು ಕಾಣುವ ವಸ್ತು, ಮತ್ತೊಂದರಲ್ಲಿರುವುದು ಕಾಣದ ವಸ್ತು. ಇವೆರಡನ್ನೂ ಸರಿಯಾಗಿ ತೂಗುವುದು ಹೇಗೆಂಬ ಪ್ರಶ್ನೆಯು ಎರಡೂವರೆ ಶತಮಾನಗಳ ಕಾಲ ವೈದ್ಯರನ್ನೂ ಗಣಿತಜ್ಞರನ್ನೂ ಅರಸರನ್ನೂ ತಾಯಿತಂದೆಗಳನ್ನೂ ಬಾಧಿಸಿತು. ಆ ತೂಕದ ಚರಿತ್ರೆಯೇ ಪ್ರಕೃತ ಲೇಖನದ ವಿಷಯವಾಗಿದೆ.

ಮೊದಲು ಎರಡು ಪದ್ಧತಿಗಳನ್ನು ಬೇರೆಬೇರೆಯಾಗಿ ತಿಳಿಯುವುದು ಅವಶ್ಯಕ. ಸಿಡುಬಾದವನ ಬೊಕ್ಕೆಯ ಕೀವನ್ನೋ ಹಕ್ಕಳೆಯನ್ನೋ ತೆಗೆದು ಆರೋಗ್ಯವಂತನ ಚರ್ಮವನ್ನು ಗೀರಿ ಸೇರಿಸುವುದು ಹಳೆಯ ಕ್ರಮ. ಇದನ್ನು ಸಿಡುಬು ನಾಟುವುದೆಂದು ಕರೆಯಬಹುದು. ಇದರಿಂದ ಬರುವುದು ನಿಜವಾದ ಸಿಡುಬೇ. ಆದರೆ ಸಾಮಾನ್ಯವಾಗಿ ಸೌಮ್ಯರೂಪದ್ದು. ಬಂಗಾಳದಲ್ಲಿ ಟೀಕಾದಾರರೆಂಬ ವೃತ್ತಿಯವರೂ, ತುರ್ಕಿ, ಚೀಣ ಮತ್ತು ಆಫ್ರಿಕ ಖಂಡದ ಕೆಲವು ಸೀಮೆಗಳ ಜನರೂ ಇದನ್ನು ಬಹುಕಾಲದಿಂದ ಬಲ್ಲವರಾಗಿದ್ದರು. ಹಸುವಿನ ಕೆಚ್ಚಲಿನಲ್ಲಿ ಏಳುವ ಸಿಡುಬಿನ ರಸವನ್ನು ಮನುಷ್ಯನಿಗೆ ಹಾಕುವುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ರಚಾರಕ್ಕೆ ಬಂದ ಎರಡನೆಯ ಕ್ರಮ. ಮೈಸೂರು ಸೀಮೆಯ ಆಡುಮಾತಿನಲ್ಲಿ ‘ದಾಕು ಹಾಕುವುದು’, ಧಾರವಾಡದ ಕಡೆಯಲ್ಲಿ ‘ದೇವಿ ಹಾಕುವುದು’ ಎಂದು ಹೆಸರು ಪಡೆದದ್ದು ಇದೇ.

೨

ಎರಡು ಅಪಾಯಗಳನ್ನು ಅಂಕಿಗಳಲ್ಲಿಟ್ಟು ಹೋಲಿಸುವ ಪ್ರಯತ್ನಕ್ಕೆ ಪ್ರಸಿದ್ಧವಾದ ಮೊದಲ ಸಂದರ್ಭವು ಅಮೆರಿಕದ ಬಾಸ್ಟನ್ ನಗರದಲ್ಲಿ ೧೭೨೧ರಲ್ಲಿ ಒದಗಿತು. ಆ ವರ್ಷ ಹಡಗಿನ ಮೂಲಕ ಸಿಡುಬು ಆ ಊರನ್ನು ಹೊಕ್ಕಿತು. ಕಾಟನ್ ಮೇದರ್ ಎಂಬ ಪಾದ್ರಿಯು, ತನ್ನ ಮನೆಯಲ್ಲಿ ದಾಸನಾಗಿದ್ದ ಒನೆಸಿಮಸ್ ಎಂಬ ಆಫ್ರಿಕದವನಿಂದ ಸಿಡುಬು ನಾಟುವ ಕ್ರಮವನ್ನು ಕೇಳಿ ತಿಳಿದಿದ್ದನು. ತುರ್ಕಿಯಿಂದ ಬಂದ ವರದಿಗಳನ್ನೂ ಓದಿದ್ದನು. ಅವನ ಪ್ರೇರಣೆಯಿಂದ ಜಾಬ್ಡಿಯೆಲ್ ಬಾಯ್ಲ್‌ಸ್ಟನ್ ಎಂಬ ವೈದ್ಯನು ಜೂನ್ ೨೬ರಂದು ತನ್ನ ಆರು ವರ್ಷದ ಮಗನಿಗೂ ಮನೆಯ ಇಬ್ಬರು ದಾಸರಿಗೂ ಸಿಡುಬನ್ನು ನಾಟಿದನು. ಊರು ಕೋಪದಿಂದ ಕೆರಳಿತು. ನವೆಂಬರಿನಲ್ಲಿ ಮೇದರನ ಮನೆಯೊಳಕ್ಕೆ ಸಿಡಿಗುಂಡನ್ನು ಎಸೆಯುವ ಮಟ್ಟಕ್ಕೆ ವಿರೋಧವು ಬೆಳೆಯಿತು.

ಈ ವಿರೋಧವು ಕೇವಲ ಅಜ್ಞಾನದಿಂದ ಹುಟ್ಟಿತೆನ್ನುವುದು ನ್ಯಾಯವಲ್ಲ. ವಿರೋಧಿಗಳ ಮುಖಂಡನಾದ ವಿಲಿಯಂ ಡಗ್ಲಸನು ವೈದ್ಯ ಪದವಿಯನ್ನು ಪಡೆದಿದ್ದ ವಿದ್ವಾಂಸ. ನಾಟಿಸಿಕೊಂಡವನಿಂದ ಇತರರಿಗೆ ಸಿಡುಬು ಹರಡುತ್ತದೆ. ತನ್ನ ರಕ್ಷಣೆಗಾಗಿ ಒಬ್ಬನು ಮಾಡಿಕೊಂಡ ಕೆಲಸದ ಅಪಾಯವನ್ನು ಕೇಳದೆಯೇ ನೆರೆಯವನ ಮೇಲೆ ಹೊರಿಸಿದಂತಾಗುತ್ತದೆ ಎಂಬ ಆಕ್ಷೇಪದಲ್ಲಿ ನಿಜಾಂಶವಿತ್ತು. ಆದರೂ ರೋಗವು ಇಳಿದ ಮೇಲೆ ಲೆಕ್ಕವು ಮಾತನಾಡಿತು. ಸುಮಾರು ೧೧,೦೦೦ ಜನರಿದ್ದ ಊರಿನಲ್ಲಿ ೫,೭೦೦ಕ್ಕಿಂತ ಹೆಚ್ಚು ಮಂದಿಗೆ ಸಿಡುಬು ತಾನಾಗಿ ಬಂದು, ೮೪೪ ಮಂದಿ ಸತ್ತಿದ್ದರು. ಎಂದರೆ ಏಳು ಜನರಲ್ಲಿ ಒಬ್ಬರು. ನಾಟಿಸಿಕೊಂಡವರು ಸುಮಾರು ೨೪೦ ಮಂದಿ. ಅವರಲ್ಲಿ ಸತ್ತವರು ೬, ಎಂದರೆ ನಲವತ್ತರಲ್ಲಿ ಒಬ್ಬರು. ಬಾಯ್ಲ್‌ಸ್ಟನನು ಈ ಆರು ಮರಣಗಳನ್ನು ಮುಚ್ಚಿಡಲಿಲ್ಲ. ಲಂಡನ್ನಿನಲ್ಲಿ ೧೭೨೬ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟನು. ಆ ಆರನ್ನು ಬಿಟ್ಟಿದ್ದರೆ ಉಳಿದ ಅಂಕಿಗಳನ್ನು ನಂಬುವುದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಅದೇ ಕಾಲದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಜ್ಯೂರಿನನು ನಗರದ ಮರಣಪಟ್ಟಿಗಳನ್ನು ಪರಿಶೀಲಿಸಿ, ನಾಟುವ ವೈದ್ಯರಿಂದ ಪತ್ರಮುಖೇನ ವರದಿಗಳನ್ನು ತರಿಸಿಕೊಂಡು, ೧೭೨೩ರಿಂದ ಕೆಲವು ವರ್ಷಗಳವರೆಗೆ ಲೆಕ್ಕಗಳನ್ನು ಪ್ರಕಟಿಸಿದನು. ತಾನಾಗಿ ಬಂದ ಸಿಡುಬಿನಲ್ಲಿ ಐದಾರು ಮಂದಿಗೆ ಒಬ್ಬನೂ, ನಾಟಿದ ಸಿಡುಬಿನಲ್ಲಿ ಸುಮಾರು ಐವತ್ತು ಮಂದಿಗೆ ಒಬ್ಬನೂ ಸಾಯುತ್ತಾರೆಂದು ಅವನಿಗೆ ಕಂಡುಬಂದಿತು. ಪಕ್ಷಪಾತದ ಮಾತುಗಳನ್ನು ಬದಿಗಿಟ್ಟು ಎರಡು ಕಡೆಯ ಮರಣಗಳನ್ನೂ ಎಣಿಸಬೇಕೆಂಬ ನಿಯಮವು ಹೀಗೆ ಏರ್ಪಟ್ಟಿತು.

೩

ಲೆಕ್ಕವು ಸ್ಪಷ್ಟವಾದ ಮಾತ್ರಕ್ಕೆ ಮನಸ್ಸು ನಿರ್ಧರಿಸಲಿಲ್ಲ. ಬಾಸ್ಟನ್ನಿನ ಗಲಭೆಯ ಕಾಲದಲ್ಲಿ, ನಾಟುವುದನ್ನು ಖಂಡಿಸುತ್ತಿದ್ದ ಪತ್ರಿಕೆಯೊಂದು ಜೇಮ್ಸ್ ಫ್ರಾಂಕ್ಲಿನ್ ಎಂಬವನದು. ಅವನ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದ ತಮ್ಮನೇ ಮುಂದೆ ಲೋಕಪ್ರಸಿದ್ಧನಾದ ಬೆಂಜಮಿನ್ ಫ್ರಾಂಕ್ಲಿನ್. ತಮ್ಮನು ಕ್ರಮೇಣ ಈ ಪದ್ಧತಿಯನ್ನು ಒಪ್ಪಿದನು. ಆದರೆ ತನ್ನ ಕಿರಿಯ ಮಗನಿಗೆ ಮಾಡಿಸುವಷ್ಟರಲ್ಲಿ ಕಾಲವು ಮೀರಿತು. ನಾಲ್ಕು ವರ್ಷದ ಆ ಹುಡುಗನು ೧೭೩೬ರಲ್ಲಿ ಸಿಡುಬಿನಿಂದ ತೀರಿಕೊಂಡನು. ಅನೇಕ ವರ್ಷಗಳ ಮೇಲೆ ಆತ್ಮಕಥೆಯನ್ನು ಬರೆಯುವಾಗಲೂ ಫ್ರಾಂಕ್ಲಿನನಿಗೆ ಆ ಶೋಕವು ಆರಿರಲಿಲ್ಲ. ನಾಟಿಸಿದುದರಿಂದ ಮಗುವು ಸತ್ತರೆ ತಮ್ಮನ್ನು ತಾವು ಕ್ಷಮಿಸಿಕೊಳ್ಳಲಾರೆವೆಂದು ಹಿಂಜರಿಯುವ ತಾಯಿತಂದೆಗಳಿಗೆ ಅವನು ತನ್ನನ್ನೇ ನಿದರ್ಶನವಾಗಿ ತೋರಿಸಿದನು. ನಾಟಿಸದೆ ಮಗುವನ್ನು ಕಳೆದುಕೊಂಡರೂ ಪಶ್ಚಾತ್ತಾಪವು ಅಷ್ಟೇ ಆಗುವುದರಿಂದ, ಹೆಚ್ಚು ಕ್ಷೇಮವಾದ ದಾರಿಯನ್ನು ಹಿಡಿಯಬೇಕೆಂಬುದು ಅವನ ವಾದದ ಸಾರ. ಮಾಡಿದ್ದಕ್ಕೆ ಮಾತ್ರ ಹೊಣೆ, ಮಾಡದೆ ಬಿಟ್ಟದ್ದಕ್ಕೆ ಹೊಣೆಯಿಲ್ಲ ಎಂಬ ಮನುಷ್ಯಸಹಜವಾದ ಭ್ರಮೆಗೆ ಇದಕ್ಕಿಂತ ದೃಢವಾದ ಉತ್ತರವು ದುರ್ಲಭ. ಏಕೆಂದರೆ ಇದನ್ನು ಕೊಟ್ಟವನು ಪಂಡಿತನಾಗಿ ಅಲ್ಲ, ತಂದೆಯಾಗಿ ಕೊಟ್ಟನು.

ಪಂಡಿತರ ಉತ್ತರವು ಪ್ಯಾರಿಸ್ಸಿನಲ್ಲಿ ಹುಟ್ಟಿತು. ಗಣಿತಜ್ಞನಾದ ಡೇನಿಯಲ್ ಬರ್ನೌಲಿಯು ೧೭೬೦ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧವನ್ನು ಇಟ್ಟನು. ಇನ್ನೂ ಸಿಡುಬಾಗದವರಲ್ಲಿ ವರ್ಷಕ್ಕೆ ಎಂಟನೆಯ ಒಂದು ಪಾಲು ಜನರಿಗೆ ಅದು ತಗಲುತ್ತದೆ, ತಗಲಿದವರಲ್ಲಿ ಎಂಟನೆಯ ಒಂದು ಪಾಲು ಸಾಯುತ್ತಾರೆ ಎಂದು ಭಾವಿಸಿ ಅವನು ಲೆಕ್ಕ ಹಾಕಿದನು. ಸಿಡುಬಿರುವ ಲೋಕದಲ್ಲಿ ಹುಟ್ಟಿದ ಶಿಶುವಿನ ಸರಾಸರಿ ಆಯುಸ್ಸು ೨೬ ವರ್ಷ ೭ ತಿಂಗಳು. ಸಿಡುಬಿಲ್ಲದ ಲೋಕದಲ್ಲಿ ೨೯ ವರ್ಷ ೯ ತಿಂಗಳು. ನಾಟುವುದರಿಂದ ಇನ್ನೂರರಲ್ಲಿ ಒಬ್ಬನು ಸತ್ತರೂ ಈ ಲಾಭದಲ್ಲಿ ಕಡಮೆಯಾಗುವುದು ಒಂದೆರಡು ತಿಂಗಳು ಮಾತ್ರ. ಆದ್ದರಿಂದ ರಾಜ್ಯದ ದೃಷ್ಟಿಯಿಂದ ನಾಟುವುದೇ ಯುಕ್ತವೆಂದು ಅವನು ಸಾಧಿಸಿದನು.

ಅದೇ ವರ್ಷದ ನವೆಂಬರಿನಲ್ಲಿ ದಾಲಂಬೇರನು ಇದಕ್ಕೆ ಆಕ್ಷೇಪವನ್ನೆತ್ತಿದನು. ಇವನು ಸಿಡುಬು ನಾಟುವುದರ ವಿರೋಧಿಯಲ್ಲ. ಲೆಕ್ಕದ ಕ್ರಮವನ್ನು ಮಾತ್ರ ಅವನು ಒಪ್ಪಲಿಲ್ಲ. ನಾಟುವುದರ ಅಪಾಯವು ಇನ್ನೊಂದು ತಿಂಗಳೊಳಗೆ ಎದುರಾಗುವಂಥದು. ಅದರ ಲಾಭವಾದರೋ ದೂರದಲ್ಲಿ, ಬಾಳಿನ ಕೊನೆಯಲ್ಲಿ ಸೇರುವ ಕೆಲವು ವರ್ಷಗಳು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗಬೇಕು? ರಾಜ್ಯಕ್ಕೆ ಲಾಭವಾದದ್ದು ಪ್ರತಿಯೊಬ್ಬ ಪ್ರಜೆಗೂ ಲಾಭವೆಂದು ಹೇಳಬಹುದೆ? ಸಾವಿರ ಮಕ್ಕಳಲ್ಲಿ ಸತ್ತ ಐವರು ರಾಜನ ಲೆಕ್ಕದಲ್ಲಿ ಒಂದು ಸಣ್ಣ ಅಂಶ. ಆ ಐದು ಮನೆಗಳಲ್ಲಿ ಅದೇ ಸರ್ವಸ್ವ. ದಾಲಂಬೇರನ ಆಕ್ಷೇಪದಿಂದ ಬರ್ನೌಲಿಯ ಗಣಿತವು ಸುಳ್ಳಾಗಲಿಲ್ಲ. ಆದರೆ ಗಣಿತವು ಮುಗಿದ ಮೇಲೂ ಒಪ್ಪಿಗೆಯ ಪ್ರಶ್ನೆಯೊಂದು ಉಳಿಯುತ್ತದೆಂಬುದು ಅಂದಿನಿಂದ ಸ್ಪಷ್ಟವಾಯಿತು.

೪

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ೧೭೯೬ನೆಯ ಮೇ ೧೪ರಂದು ಹಾಲು ಕರೆಯುವ ಹೆಂಗಸಿನ ಕೈಮೇಲಿದ್ದ ಹಸುವಿನ ಸಿಡುಬಿನ ರಸವನ್ನು ಎಂಟು ವರ್ಷದ ಹುಡುಗನೊಬ್ಬನಿಗೆ ಹಾಕಿ, ಅವನಿಗೆ ಸಿಡುಬು ತಗಲದಿರುವುದನ್ನು ಆಮೇಲೆ ಪರೀಕ್ಷಿಸಿ, ೧೭೯೮ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಇದರಿಂದ ತಕ್ಕಡಿಯ ಸ್ಥಿತಿಯೇ ಬದಲಾಯಿತು. ಹೊಸ ಕ್ರಮದಿಂದ ಮರಣವು ಬಹಳ ಅಪೂರ್ವ. ದಾಕು ಹಾಕಿಸಿಕೊಂಡವನಿಂದ ನೆರೆಯವನಿಗೆ ಸಿಡುಬು ಹರಡುವುದಂತೂ ಇಲ್ಲವೇ ಇಲ್ಲ. ಡಗ್ಲಸನ ಆಕ್ಷೇಪಕ್ಕೆ ಎಡೆಯು ತಪ್ಪಿತು.

ದಾಕಿನ ರಸವು ಬಾಗ್ದಾದು, ಬಸ್ರಾಗಳ ಮೂಲಕ ಮುಂಬಯಿಯನ್ನು ಸೇರಿ, ೧೮೦೨ನೆಯ ಜೂನ್ ೧೪ರಂದು ಅಲ್ಲಿ ಆನ್ನಾ ಡಸ್ಟಾಲ್ ಎಂಬ ಮೂರು ವರ್ಷದ ಶಿಶುವಿನ ಮೇಲೆ ಫಲಿಸಿತು. ಅಲ್ಲಿಂದ ತೋಳಿನಿಂದ ತೋಳಿಗೆ ಸಾಗುತ್ತ ಅದು ದಕ್ಷಿಣದೇಶಕ್ಕೂ ಬಂದಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದು, ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸುತ್ತಿದ್ದ ಕಾಲ ಅದು. ಥಾಮಸ್ ಹಿಕಿ ಎಂಬ ಚಿತ್ರಕಾರನು ೧೮೦೫ರ ಸುಮಾರಿಗೆ ಬರೆದ, ಮೂವರು ಸ್ತ್ರೀಯರಿರುವ ತೈಲಚಿತ್ರವೊಂದನ್ನು ಚರಿತ್ರಕಾರರಾದ ನೈಜೆಲ್ ಚಾನ್ಸೆಲರ್ ಅವರು ೨೦೦೧ರಲ್ಲಿ ವಿಮರ್ಶಿಸಿ, ಅವರು ಮೈಸೂರು ಅರಮನೆಯ ರಾಣಿಯರೆಂದೂ, ಬಲಗಡೆಯ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕಿನ ಸ್ಥಾನವನ್ನು ಸೂಚಿಸುವುದಕ್ಕೆಂದೂ ವಾದಿಸಿದ್ದಾರೆ. ಇದು ಚಿತ್ರದ ಸಾಕ್ಷ್ಯವನ್ನೂ ಕಾಗದಪತ್ರಗಳ ಸಾಕ್ಷ್ಯವನ್ನೂ ಜೋಡಿಸಿ ಮಾಡಿದ ಊಹೆ. ಸಿದ್ಧಾಂತವೆಂದು ಹೇಳಲಾಗದಿದ್ದರೂ ಗಮನಾರ್ಹವಾದ ಊಹೆ. ಇದು ನಿಜವಾದ ಪಕ್ಷಕ್ಕೆ, ಪ್ರಜೆಗಳಿಗೆ ಹೇಳಬೇಕಾದ ಮಾತನ್ನು ಅರಮನೆಯು ತನ್ನ ಮೈಮೇಲೆಯೇ ತೋರಿಸಿಕೊಟ್ಟಂತಾಯಿತು.

ಜನರನ್ನು ಒಪ್ಪಿಸುವುದಕ್ಕೆ ಹಿಡಿದ ದಾರಿಗಳೆಲ್ಲವೂ ಇಷ್ಟು ನೇರವಾಗಿರಲಿಲ್ಲ. ಹಸುವಿನ ಸಿಡುಬಿನಿಂದ ರಕ್ಷಣೆ ಪಡೆಯುವ ಕ್ರಮವು ಪ್ರಾಚೀನ ಸಂಸ್ಕೃತ ಗ್ರಂಥದಲ್ಲಿಯೇ ಉಂಟೆಂದು, ಧನ್ವಂತರಿಯ ಹೆಸರನ್ನು ಮುಂದಿಟ್ಟು, ೧೮೧೯ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಲೇಖನವು ಬಂದಿತು. ಅಲ್ಲಿಂದ ಮುಂದೆ ಇದು ಗ್ರಂಥದಿಂದ ಗ್ರಂಥಕ್ಕೆ ಹರಿದು ಪ್ರಮಾಣವೆಂಬಂತೆ ನಿಂತಿತು. ಸಂಸ್ಕೃತಜ್ಞರಾದ ಡಾಮಿನಿಕ್ ವುಯಾಸ್ಟಿಕ್ ಅವರು ೧೯೮೭ರಲ್ಲಿ ಇದನ್ನು ಶೋಧಿಸಿ, ಇದು ಸದುದ್ದೇಶದಿಂದ ಹೆಣೆದ ಕಟ್ಟುಕಥೆಯೆಂದು ತೋರಿಸಿಕೊಟ್ಟರು. ಸಾಹಿತ್ಯಚರಿತ್ರೆಯ ದೃಷ್ಟಿಯಿಂದ ಇದೊಂದು ಕುತೂಹಲದ ಪ್ರಸಂಗ. ಪ್ರಕೃತ ವಿಷಯದ ದೃಷ್ಟಿಯಿಂದ ಇದೊಂದು ಎಚ್ಚರಿಕೆ. ಒಳ್ಳೆಯ ಕಾರ್ಯಕ್ಕೆ ಹೇಳಿದ ಸುಳ್ಳೂ ತೂಕದ ಕಲ್ಲನ್ನು ತಿದ್ದಿದಂತೆಯೇ.

ದಾಕಿಗೂ ತನ್ನದೇ ಆದ ದೋಷಗಳಿದ್ದುವು. ರಕ್ಷಣೆಯು ಆಜೀವಪರ್ಯಂತ ನಿಲ್ಲುವುದೆಂದು ಜೆನ್ನರನು ನಂಬಿದ್ದನು. ಕೆಲವು ವರ್ಷಗಳ ಮೇಲೆ ಪುನಃ ಹಾಕಿಸಬೇಕೆಂಬುದು ಅನುಭವದಿಂದ ತಿಳಿದುಬಂದಿತು. ಒಂದು ಮಗುವಿನ ತೋಳಿನಿಂದ ಮತ್ತೊಂದರ ತೋಳಿಗೆ ರಸವನ್ನು ಸಾಗಿಸುವಾಗ ಬೇರೆ ರೋಗಗಳೂ ಸಾಗಿದುದುಂಟು. ಇಟಲಿಯ ರಿವಾಲ್ಟಾ ಎಂಬ ಊರಿನಲ್ಲಿ ೧೮೬೧ರಲ್ಲಿ ಹೀಗೆ ಅನೇಕ ಮಕ್ಕಳಿಗೆ ಉಪದಂಶವು ಅಂಟಿತು. ಇಂಡಿಯಾದಲ್ಲಿ ಬೇರೆ ಜಾತಿಯ ಮಗುವಿನ ರಸವು ತಮ್ಮ ಮಗುವಿನ ಮೈಸೇರುವುದೆಂಬ ಸಂಕೋಚವೂ ಇದಕ್ಕೆ ಕೂಡಿತು. ಇಂಗ್ಲೆಂಡಿನಲ್ಲಿ ೧೮೫೩ರಿಂದ ಶಿಶುಗಳಿಗೆ ದಾಕು ಕಡ್ಡಾಯವಾಗಿ, ಬಡವರ ಮೇಲೆ ಜುಲ್ಮಾನೆಗಳು ಬಿದ್ದು, ೧೮೮೫ರಲ್ಲಿ ಲೆಸ್ಟರ್ ನಗರದಲ್ಲಿ ಮಹಾಪ್ರತಿಭಟನೆಯಾಯಿತು. ರಾಯಲ್ ಕಮಿಷನ್ನು ಏಳು ವರ್ಷ ವಿಚಾರಣೆ ನಡೆಸಿ, ೧೮೯೬ರಲ್ಲಿ ದಾಕಿನ ಉಪಯೋಗವನ್ನು ಎತ್ತಿಹಿಡಿದರೂ ದೋಷಗಳನ್ನು ಅಲ್ಲಗಳೆಯಲಿಲ್ಲ. ೧೮೯೮ರ ಶಾಸನವು ಮನಸ್ಸಾಕ್ಷಿಯಿಂದ ಒಪ್ಪದವರಿಗೆ ವಿನಾಯಿತಿಯನ್ನಿತ್ತಿತು. ತೋಳಿನಿಂದ ತೋಳಿಗೆ ಹಾಕುವ ಕ್ರಮವನ್ನು ಬಿಡಿಸಿ ಕರುವಿನಿಂದ ತೆಗೆದ ರಸವನ್ನು ಬಳಕೆಗೆ ತಂದಿತು. ಭಯಪಟ್ಟವರನ್ನು ಹಳಿಯುವುದರಿಂದ ಆಗದ ಕೆಲಸವು ಭಯದ ಕಾರಣವನ್ನು ತೆಗೆದುಹಾಕುವುದರಿಂದ ಆಯಿತು.

೫

ಅಪಾಯದ ತೂಕವು ಅತ್ಯಂತ ದಾರುಣವಾದ ಪರೀಕ್ಷೆಗೆ ಒಳಪಟ್ಟದ್ದು ಸಿಡುಬಿನ ವಿಷಯದಲ್ಲಲ್ಲ, ಪ್ಲೇಗಿನ ವಿಷಯದಲ್ಲಿ. ಮುಂಬಯಿಯಲ್ಲಿ ೧೮೯೬ರಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಒಡೆಸ್ಸಾದಲ್ಲಿ ಹುಟ್ಟಿ ಇಂಡಿಯಾಕ್ಕೆ ಬಂದು ಕಾಲರಾ ಲಸಿಕೆಯ ಕೆಲಸದಲ್ಲಿದ್ದ ವಾಲ್ಡೆಮಾರ್ ಹಾಫ್ಕಿನ್ ಅವರು ಕೆಲವೇ ತಿಂಗಳುಗಳಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ನೆಯ ಜನವರಿ ೧೦ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ರೋಗವು ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕೆ ನಡೆಯಿತು. ಹುಬ್ಬಳ್ಳಿಯನ್ನು ಹಾಳುಗೆಡವಿ, ೧೮೯೮ನೆಯ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಹುಬ್ಬಳ್ಳಿಯಲ್ಲಿ ಆ ವರ್ಷ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಊರಿನ ಬಹುಭಾಗ ಜನರಿಗೆ ಲಸಿಕೆಯನ್ನು ಚುಚ್ಚಿ, ಚುಚ್ಚಿಸಿಕೊಂಡವರ ಮತ್ತು ಚುಚ್ಚಿಸಿಕೊಳ್ಳದವರ ಮರಣಗಳನ್ನು ಪ್ರತ್ಯೇಕವಾಗಿ ಬರೆದಿಟ್ಟನು. ಲಸಿಕೆಯಿಂದ ಜ್ವರವೂ ತೋಳಿನ ಬಾವೂ ಬರುತ್ತಿದ್ದುವು. ದಿನಗೂಲಿಯವನಿಗೆ ಅದು ಕೂಲಿಯ ನಷ್ಟ. ಆದರೂ ಚುಚ್ಚಿಸಿಕೊಂಡವರಲ್ಲಿ ರೋಗವೂ ಮರಣವೂ ಬಹಳ ಕಡಮೆಯೆಂದು ಹುಬ್ಬಳ್ಳಿ ಧಾರವಾಡಗಳ ಲೆಕ್ಕಗಳಿಂದ ತೋರಿತು. ಇಂಡಿಯನ್ ಪ್ಲೇಗ್ ಕಮಿಷನ್ನು ಲಸಿಕೆಯ ಪರವಾಗಿ ಅಭಿಪ್ರಾಯ ಕೊಡುವಾಗ ಪರಿಶೀಲಿಸಿದ ಸಾಕ್ಷ್ಯಗಳಲ್ಲಿ ಇವೂ ಸೇರಿದ್ದುವು.

ಬಳಿಕ ಅನರ್ಥವು ಒದಗಿತು. ಪಂಜಾಬಿನ ಮುಲ್ಕೊವಾಲ್ ಎಂಬ ಗ್ರಾಮದಲ್ಲಿ ೧೯೦೨ನೆಯ ಅಕ್ಟೋಬರ್ ೩೦ರಂದು ೧೦೭ ಮಂದಿಗೆ ಪ್ಲೇಗಿನ ಲಸಿಕೆಯನ್ನು ಚುಚ್ಚಲಾಯಿತು. ಐದು ಸೀಸೆಗಳಲ್ಲಿ ಒಂದರಿಂದ ಚುಚ್ಚಿಸಿಕೊಂಡ ೧೯ ಮಂದಿಗೆ ಧನುರ್ವಾಯು ಹಿಡಿದು, ಹತ್ತೊಂಬತ್ತು ಮಂದಿಯೂ ಸತ್ತರು. ಉಳಿದ ೮೮ ಮಂದಿಗೆ ಏನೂ ಆಗಲಿಲ್ಲ. ಸರಕಾರದ ವಿಚಾರಣಾಮಂಡಲಿಯು ದೋಷವು ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ಸೀಸೆಯನ್ನು ಸೇರಿರಬೇಕೆಂದು ಅಭಿಪ್ರಾಯಪಟ್ಟಿತು. ಕಾರ್ಬಾಲಿಕ್ ಆಮ್ಲವನ್ನು ಸೇರಿಸುವ ಹಳೆಯ ಕ್ರಮವನ್ನು ಹಾಫ್ಕಿನ್ ಅವರು ಕೈಬಿಟ್ಟಿದ್ದುದನ್ನು ಎತ್ತಿ ಆಡಿತು. ಅವರು ಕೆಲಸದಿಂದ ತೆಗೆದಿರಿಸಲ್ಪಟ್ಟರು. ಸೀಸೆಯನ್ನು ತೆರೆಯುವಾಗ ಚಿಮಟವು ನೆಲದ ಮೇಲೆ ಬಿದ್ದುದೂ, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಿರಡೆಯನ್ನು ಕೀಳುವುದಕ್ಕೆ ಬಳಸಿದುದೂ ಬಳಿಕ ಚರ್ಚೆಗೆ ಬಂದುವು. ಧನುರ್ವಾಯುವಿನ ಕ್ರಿಮಿಯು ಮುಂಬಯಿಯಲ್ಲಿಯೇ ಸೇರಿದ್ದ ಪಕ್ಷದಲ್ಲಿ ಅಷ್ಟು ದಿನಗಳಲ್ಲಿ ಸೀಸೆಯೊಳಗೆ ದುರ್ನಾತವು ಹುಟ್ಟಿರಬೇಕಾಗಿತ್ತು. ತೆರೆದಾಗ ಅಂಥ ವಾಸನೆಯೇನೂ ಇರಲಿಲ್ಲ. ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ೧೯೦೭ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಈ ವಾದವನ್ನು ಮುಂದಿಟ್ಟ ಮೇಲೆ ಹಾಫ್ಕಿನ್ ಅವರ ಮೇಲಿನ ಕಳಂಕವು ನೀಗಿತು. ಆ ಒಂದೇ ವರ್ಷದಲ್ಲಿ ಇಂಡಿಯಾದಲ್ಲಿ ಪ್ಲೇಗಿನಿಂದ ಸತ್ತವರು ಹತ್ತು ಲಕ್ಷಕ್ಕಿಂತ ಹೆಚ್ಚು.

ಹತ್ತೊಂಬತ್ತನ್ನು ಹತ್ತು ಲಕ್ಷದ ಎದುರಿಗಿಟ್ಟು ಸುಮ್ಮನಾಗುವುದು ಸುಲಭ. ಆದರೆ ಅದು ಸರಿಯಾದ ತೂಕವಲ್ಲ. ಮುಲ್ಕೊವಾಲದವರು ಸತ್ತದ್ದು ಲಸಿಕೆಯ ಸ್ವಭಾವದಿಂದಲ್ಲ, ಕೈಯ ಅಜಾಗ್ರತೆಯಿಂದ. ತಡೆಯಬಹುದಾಗಿದ್ದ ಸಾವು ಅದು. ಅದನ್ನು ಅಲ್ಪವೆಂದು ತಳ್ಳಿದ್ದರೆ ಸೀಸೆಯ ಶುದ್ಧಿಯನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಅದೇ ರೀತಿ, ಒಂದು ಸೀಸೆಯ ದೋಷವನ್ನು ಲಸಿಕೆಯ ಮೇಲೆಯೇ ಹೊರಿಸಿದುದರಿಂದ ಜನರ ನಂಬಿಕೆಯು ಕದಲಿ, ರೋಗಕ್ಕೆ ದಾರಿಯು ಸುಗಮವಾಯಿತು. ಎರಡು ತಪ್ಪುಗಳಿಗೂ ಮೂಲವು ಒಂದೇ: ಹಾನಿಯ ನಿಜವಾದ ಕಾರಣವನ್ನು ಕಂಡುಹಿಡಿಯುವುದಕ್ಕೆ ಮೊದಲೇ ತೀರ್ಪು ಕೊಡುವುದು.

೬

ಈ ಚರಿತ್ರೆಯ ಕೊನೆಯ ಅಧ್ಯಾಯವು ಎಲ್ಲಕ್ಕಿಂತ ಬೋಧಪ್ರದವಾದುದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೪೯ರ ಬಳಿಕ ಸಿಡುಬು ಕಾಣಿಸಿಕೊಳ್ಳಲಿಲ್ಲ. ದಾಕು ಮಾತ್ರ ನಡೆಯುತ್ತಲೇ ಇದ್ದಿತು. ಅಲ್ಲಿ ೧೯೬೮ರಲ್ಲಿ ಸುಮಾರು ೧ ಕೋಟಿ ೪೦ ಲಕ್ಷ ಮಂದಿಗೆ ದಾಕು ಹಾಕಿದಾಗ ಅದರ ಉಪದ್ರವಗಳಿಂದ ೯ ಮಂದಿ ಸತ್ತರೆಂದು ಎಣಿಸಿ ಪ್ರಕಟಿಸಲಾಯಿತು. ರೋಗದ ತಟ್ಟೆಯು ಬರಿದಾಗಿರುವಾಗ ಒಂಬತ್ತು ಸಾವುಗಳೂ ಭಾರವೇ. ಬ್ರಿಟನ್ನು ೧೯೭೧ರಲ್ಲಿಯೂ ಅಮೆರಿಕವು ೧೯೭೨ರಲ್ಲಿಯೂ ಎಲ್ಲ ಮಕ್ಕಳಿಗೂ ದಾಕು ಹಾಕುವ ಪದ್ಧತಿಯನ್ನು ನಿಲ್ಲಿಸಿದುವು. ಎರಡೇ ವರ್ಷಗಳ ಮೇಲೆ, ೧೯೭೪ರಲ್ಲಿ, ಇಂಡಿಯಾದಲ್ಲಿ ೧,೮೮,೦೦೦ ಮಂದಿಗೆ ಸಿಡುಬಾಗಿ ೩೧,೦೦೦ಕ್ಕಿಂತ ಹೆಚ್ಚು ಮಂದಿ ಸತ್ತರು; ಆರು ಜನರಲ್ಲಿ ಒಬ್ಬರು. ಜ್ಯೂರಿನನು ಇನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಕಂಡ ಪ್ರಮಾಣವೂ ಇದೇ. ಅಷ್ಟು ಕಾಲದಲ್ಲಿ ಸಿಡುಬು ತನ್ನ ಕ್ರೌರ್ಯವನ್ನು ಎಳ್ಳಷ್ಟೂ ಬಿಟ್ಟಿರಲಿಲ್ಲ. ಆದ್ದರಿಂದ ಅದೇ ದಾಕನ್ನು ಅಲ್ಲಿ ಬಿಟ್ಟದ್ದೂ ಇಲ್ಲಿ ಮನೆಮನೆಗೆ ಹುಡುಕಿಕೊಂಡು ಹೋಗಿ ಹಾಕಿದ್ದೂ ಎರಡೂ ನ್ಯಾಯವೇ ಆಗಿದ್ದುವು. ಇಂಡಿಯಾದ ಕೊನೆಯ ಸಿಡುಬು ೧೯೭೫ನೆಯ ಮೇ ತಿಂಗಳಲ್ಲಿ ಕಂಡಿತು. ಲೋಕದಿಂದಲೇ ಸಿಡುಬು ತೊಲಗಿತೆಂದು ೧೯೮೦ನೆಯ ಮೇ ತಿಂಗಳಲ್ಲಿ ಘೋಷಣೆಯಾದ ಮೇಲೆ ದಾಕಿನ ಅವಶ್ಯಕತೆಯೂ ಎಲ್ಲೆಡೆಯಲ್ಲಿ ತೀರಿತು.

ಲಸಿಕೆಯ ಪಕ್ಷಪಾತಿಗಳೂ ವಿರೋಧಿಗಳೂ ಸಾಮಾನ್ಯವಾಗಿ ಮರೆಯುವ ಅಂಶವೊಂದು ಇದರಿಂದ ಹೊರಪಡುತ್ತದೆ. ದಾಕಿನ ಅಪಾಯವೆಷ್ಟು ಎಂದು ಮಾತ್ರ ಕೇಳಿದರೆ ಉತ್ತರವು ಅರ್ಧವಾಗಿಯೇ ಉಳಿಯುತ್ತದೆ. ಯಾವ ಊರಿನಲ್ಲಿ, ಯಾವ ವರ್ಷದಲ್ಲಿ, ಯಾವ ರೋಗದ ಎದುರಿನಲ್ಲಿ ಎಂದು ಸೇರಿಸಿ ಕೇಳಬೇಕು. ರೋಗವು ದಾಕಿನಿಂದಲೇ ಹಿಂದಕ್ಕೆ ಸರಿದಿರುವಾಗ, ರೋಗವಿಲ್ಲವೆಂದು ದಾಕನ್ನು ಅಕಾಲದಲ್ಲಿ ಬಿಡುವುದು ಕಟ್ಟೆಯ ಹಿಂದೆ ನಿಂತ ನೀರನ್ನು ಮರೆತು ಕಟ್ಟೆಯನ್ನು ಒಡೆದಂತೆ. ರೋಗವು ನಿಜವಾಗಿಯೂ ನಿರ್ಮೂಲವಾದ ಮೇಲೆ ದಾಕನ್ನು ಮುಂದುವರಿಸುವುದು ಬತ್ತಿದ ಕೆರೆಗೆ ಕಾವಲು ಕೂತಂತೆ. ಇವೆರಡರಲ್ಲಿ ಯಾವುದು ಪ್ರಾಪ್ತವಾಗಿದೆಯೆಂಬುದನ್ನು ಎಣಿಕೆಯಿಂದಲ್ಲದೆ ಊಹೆಯಿಂದ ತಿಳಿಯಲಾಗದು.

ಬಾಯ್ಲ್‌ಸ್ಟನನು ತನ್ನ ಆರು ಮರಣಗಳನ್ನು ಬರೆದಿಟ್ಟನು. ಅಮೆರಿಕದ ವೈದ್ಯರು ತಮ್ಮ ಒಂಬತ್ತನ್ನು ಬರೆದಿಟ್ಟರು. ಮೊದಲನೆಯ ಲೆಕ್ಕದಿಂದ ಒಂದು ಪದ್ಧತಿಯು ಲೋಕದಲ್ಲಿ ನೆಲೆಗೊಂಡಿತು. ಎರಡನೆಯದರಿಂದ ಅಂಥದೇ ಪದ್ಧತಿಯು ಗೌರವದಿಂದ ನಿವೃತ್ತವಾಯಿತು. ಎರಡು ಕಡೆಗೂ ವಾಲಬಲ್ಲ ತಕ್ಕಡಿಯೇ ನಂಬತಕ್ಕ ತಕ್ಕಡಿಯೆಂಬುದು ಈ ಚರಿತ್ರೆಯಿಂದ ವ್ಯಕ್ತವಾಗುವ ಸಂಗತಿ.